ಬೆಟ್ಟದ ಪೊದೆಗಳಿಗೆ ನಮ್ಮ ಮಗ್ಗದ ನೂಲು

ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ಕೇಳುವುದಿಲ್ಲ. ಅಂದು ಲಾಳಿ ಮುಟ್ಟಬಾರದು ಎಂಬುದು ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ನೇಕಾರರ ಮನೆಗಳ ಕಟ್ಟಳೆ. ಉಳಿದ ಮನೆಗಳ ಗಂಡಸರು ಹಿರಿಯರಿಗೆ ಎಡೆ ಇಟ್ಟು, ಉಂಡು, ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಾರೆ. ನಮ್ಮ ಮನೆಯವರು ಮಾತ್ರ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಹುಡುಕಿಕೊಂಡು ಹೊರಡುತ್ತಾರೆ. ಅವರೊಬ್ಬರೇ ಹೊರಟರೆ ನನ್ನ ಅಡ್ಡಿಯೇನೂ ಇಲ್ಲ. ನನ್ನನ್ನೂ ಎಬ್ಬಿಸುತ್ತಾರೆ. ಕಾಡು ನೋಡಲು ಅವರಿಗೆ ಜೊತೆಯಲ್ಲಿ ನಾಲ್ಕು ಡಬ್ಬಿ ಊಟ ಬೇಕು, ಆ ಡಬ್ಬಿಗಳು ತಾವಾಗಿ ತುಂಬಿಕೊಳ್ಳುವುದಿಲ್ಲ.

ಇದಕ್ಕೆಲ್ಲ ಮೂಲ ಒಬ್ಬ ಡಾಕ್ಟರು. ಮೂವತ್ತು ವರ್ಷ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ದೇಹ, ರಕ್ತದೊತ್ತಡ ಏರಿದೆ, ದಿನಾ ಅರ್ಧ ಗಂಟೆ ನಡೆಯಿರಿ ಎಂದು ಹೇಳಿ ಕಳಿಸಿದರು. ಸರಿ, ಸೂಲೂರು ಕೆರೆಯ ಏರಿಯ ಮೇಲೆ ಹೋಗಿ ಬರಲಿ ಎಂದುಕೊಂಡೆ. ಅಲ್ಲಿ ಇವರಂಥವರೇ ಏಳೆಂಟು ಜನ ಸಿಕ್ಕರು. ಫೋನಿನಲ್ಲಿ ಒಂದು ಗುಂಪಾಯಿತು. ಅವತ್ತಿನಿಂದ ನಮ್ಮ ಮನೆಯ ಪಂಚಾಂಗವೇ ಬದಲಾಯಿತು. ಆಡಿ ತಿಂಗಳೆಂದರೆ ನನಗೆ ಅಂಬಲಿ, ಬೇವಿನ ಸೊಪ್ಪು, ಅಮ್ಮನ ಪೂಜೆ. ಅವರಿಗೆ ಅದು ಉಡುಮಲೆ ಕಡೆಗೆ ಗಾಳಿ ನೋಡಲು ಹೋಗುವ ಕಾಲ. ಗಾಳಿ ನಮ್ಮ ಮನೆಯ ಬಾಗಿಲಿಗೇ ಬಂದು ಬಡಿಯುತ್ತದೆ, ಅದನ್ನು ಅಷ್ಟು ದೂರ ಹೋಗಿ ನೋಡಬೇಕೆ? ಐಪ್ಪಸಿ ತಿಂಗಳ ಮಳೆಯಲ್ಲಿ ಜಲಪಾತ ಎಂದರು. ನೀರು ಹೆಚ್ಚಾಗಿದೆಯೆಂದು ಅರಣ್ಯದವರು ಗೇಟು ಮುಚ್ಚಿದ್ದರು. ಗೇಟಿನ ಪಕ್ಕ ಕೂತು ಮೊಸರನ್ನ ತಿಂದು ವಾಪಸು ಬಂದೆವು. ಮಾರ್ಗಳಿಯಲ್ಲಿ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ರಂಗೋಲಿ ಹಾಕುವ ಹೊತ್ತಿಗೆ ಇವರು ಕೆರೆಗೆ ಬಂದ ಹಕ್ಕಿ ನೋಡಲು ದುರ್ಬೀನು ಹಿಡಿದು ನಿಂತಿರುತ್ತಾರೆ. ಒಂದು ಕೊಕ್ಕರೆ ರೆಕ್ಕೆ ಬಿಡಿಸುವುದನ್ನು ನೋಡಲು ಅರ್ಧ ಗಂಟೆ ಉಸಿರು ಬಿಗಿಹಿಡಿದು ಕಾದರು. ಅದು ಬಿಡಿಸಬೇಕು ಅನ್ನುವಾಗ ವಾಯುಪಡೆಯ ವಿಮಾನವೊಂದು ತಲೆಯ ಮೇಲೆ ಹೋಯಿತು. ಕೊಕ್ಕರೆಯೂ ಹೋಯಿತು.

ಚಿತ್ತಿರೆ ತಿಂಗಳ ಬಿಸಿಲಲ್ಲಿ ಡೇರೆ ಬಂತು. ಕಾಡಿನಲ್ಲಿ ರಾತ್ರಿ ಉಳಿಯಲು ಯಾರೂ ಬಿಡುವುದಿಲ್ಲ ಎಂಬುದು ಡೇರೆ ಬಂದ ಮೇಲೆ ಗೊತ್ತಾಯಿತು. ತಾರಸಿಯ ಮೇಲೆ ಕಟ್ಟಿ, ಒಂದು ಸಲ ಅದರೊಳಗೆ ಮಲಗಿ, ಸೆಕೆ ತಾಳದೆ ಇಳಿದು ಬಂದರು. ಈಗ ಅದರಲ್ಲಿ ನಾನು ಸಂಡಿಗೆ ಒಣಗಿಸುತ್ತೇನೆ. ಕಾಗೆ ಬರುವುದಿಲ್ಲ, ಧೂಳು ಬೀಳುವುದಿಲ್ಲ. ದಿನದ ಕೊನೆಗೆ, ನಮ್ಮ ದೇವಿ ತಾಯಿ ಅಂದು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಆ ಬೇಸಿಗೆಯೆಲ್ಲ ಡೇರೆಗೆ ಒಂದು ಬೆರಳು ಮಡಚಿದ್ದೇನೆ.

ಈ ವರ್ಷದ ತೈ ಅಮಾವಾಸ್ಯೆಯ ಮಾತು ಬೇರೆ. ಅಂದು ಬೆಟ್ಟಕ್ಕೆ ಹೋದದ್ದು ಗಾಳಿ ನೋಡಲಿಕ್ಕಲ್ಲ. ಪೊಂಗಲ್ ಕಳೆದ ಮೇಲೆ ಮಗ್ಗಕ್ಕೆ ಹೊಸ ಹಾಸು ಏರಿಸುತ್ತೇವೆ. ಉದ್ದಕ್ಕೆ ಬಿಗಿದ ಆ ನೂಲಿನ ಮೇಲೆ ಮೊದಲು ನೇಯ್ದ ಗೇಣುದ್ದದ ಬಟ್ಟೆ ಮಾರಾಟಕ್ಕಲ್ಲ. ಅದನ್ನು ಕತ್ತರಿಸಿ, ತೈ ಅಮಾವಾಸ್ಯೆಯಂದು ಕಾಂಗೇಯಂ ದಾಟಿ ಇರುವ ಒಂದು ಬೆಟ್ಟದ ಮೇಲಿನ ತಾಯಿಗೆ ಒಪ್ಪಿಸಬೇಕು. ಬೆಟ್ಟದ ಆಚೆ ಬದಿಗೆ ಈಗ ಮೆಟ್ಟಿಲು ಇವೆ, ಬಸ್ಸು ಬರುತ್ತದೆ. ಆದರೆ ನಮ್ಮ ಮನೆಯ ಬಟ್ಟೆ ಈಚೆಯ ಹಳೆಯ ಕಾಲುದಾರಿಯಲ್ಲೇ ಹೋಗಬೇಕು, ಕೆಳಗಿನ ಸಣ್ಣ ಗುಡಿಯಲ್ಲಿ ಕೈ ಮುಗಿದು ಹತ್ತಬೇಕು, ಅಲ್ಲಿಗೇ ಇಳಿಯಬೇಕು. ಮೇಲಿನಿಂದ ಕುಂಕುಮ ಮತ್ತು ನಿಂಬೆಹಣ್ಣು ಬರುವ ತನಕ ಮನೆಯ ಹಿರಿಯ ಹೆಂಗಸು ಹನಿ ನೀರೂ ಕುಡಿಯಬಾರದು.

ಮನೆಯ ಹಿರಿಯ ಹೆಂಗಸು ಎಂದರೆ ನನ್ನ ಅತ್ತೆ. ಎಪ್ಪತ್ತು ದಾಟಿದೆ. ನಲವತ್ತು ವರ್ಷ ಬಟ್ಟೆಯನ್ನು ಅವರೇ ಹೊತ್ತು ಹತ್ತಿದರು. ಈ ವರ್ಷ ಮಂಡಿ ಮಡಚುವುದಿಲ್ಲ. ಬಟ್ಟೆ ನಾನು ಒಯ್ಯುವುದು, ಉಪವಾಸ ಅವರು ಇರುವುದು ಎಂದು ತೀರ್ಮಾನವಾಯಿತು. ತೀರ್ಮಾನ ಅವರದೇ. ಅವರಿಗೆ ಸಕ್ಕರೆ ಕಾಯಿಲೆ. ಹೋದ ಏಕಾದಶಿಯಂದು ಹೀಗೇ ಹಟ ಹಿಡಿದು ಕೂತು, ಮಧ್ಯಾಹ್ನದ ಹೊತ್ತಿಗೆ ಬೆವರಿ, ಕೈ ನಡುಗಿ, ಅಡುಗೆಮನೆಯ ಬಾಗಿಲಲ್ಲಿ ಕುಸಿದಿದ್ದರು. ಅವರ ಬಾಯಿಗೆ ಸಕ್ಕರೆ ಹಾಕಿ, ಕಣ್ಣು ಬಿಡುವ ತನಕ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ನಾನು. ಈ ಸಲವೂ ಹೊರಡುವ ಮುಂಚೆ ಕೇಳಿದೆ.

“ಅತ್ತೆ, ಒಂದು ಇಡ್ಲಿ ತಿನ್ನಿ. ತಾಯಿ ಏನೂ ಅಂದ್ಕೊಳ್ಳಲ್ಲ.”

“ಅಂದ್ಕೊಳ್ಳಲ್ಲ ಅಂತ ನಿನ್ನ ಹತ್ರ ಬಂದು ಹೇಳಿದ್ಳಾ?”

“ಗುಳಿಗೆ ಬೇರೆ ನುಂಗಿಬಿಟ್ಟಿದೀರಿ. ಗುಳಿಗೆ ನುಂಗಿ ಖಾಲಿ ಹೊಟ್ಟೇಲಿ ಇರಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ?”

“ಗುಳಿಗೆ ಊಟವಾ? ಅದು ಉಪವಾಸಕ್ಕೆ ಅಡ್ಡಿಯಿಲ್ಲ. ಅಮ್ಮಣಿ, ನೀನು ಬೇಗ ಹತ್ತು, ಬೇಗ ಇಳಿ. ನನ್ನ ಹೊಟ್ಟೆ ಈಗ ನಿನ್ನ ಕಾಲಲ್ಲಿ ಅದೆ.”

ಇಡ್ಲಿಯನ್ನು ಡಬ್ಬಿಗೆ ತುಂಬಿಕೊಂಡೆ. ಬಾಡಿಗೆ ಕಾರಿನಲ್ಲಿ ಅವರನ್ನು ಕೆಳಗಿನ ಗುಡಿಯ ತನಕ ಕರೆದುಕೊಂಡು ಹೋದೆವು. ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂರಿಸಿ, ಇಡ್ಲಿಯ ಡಬ್ಬಿ, ನೀರು, ಒಂದು ಅಚ್ಚು ಬೆಲ್ಲ ಪಕ್ಕದಲ್ಲಿಟ್ಟೆ. ಅವರು ಬೆವರಿದರೆ ಬಾಯಿಗೆ ಬೆಲ್ಲ ಹಾಕಿ ಎಂದು ಡ್ರೈವರಿಗೆ ಎರಡು ಸಲ ಹೇಳಿದೆ. ಡ್ರೈವರು ಎರಡು ಸಲವೂ ತಲೆಯಾಡಿಸಿ, ಸೀಟು ಹಿಂದಕ್ಕೆ ಬಾಗಿಸಿ, ಗಾಜು ಏರಿಸಿ, ಹಾಡು ಹಾಕಿಕೊಂಡು ಮಲಗಿದರು. ಎಂಟು ಗಂಟೆಗೆ ಹತ್ತಲು ಶುರುಮಾಡಿದೆವು. ಹನ್ನೆರಡೂವರೆಗೆ ಇಳಿದುಬಿಡಬೇಕು ಎಂಬುದು ನನ್ನ ಲೆಕ್ಕ.

ನಮ್ಮವರ ತಲೆಗೆ ಟೋಪಿ, ಕಾಲಿಗೆ ಹೊಸ ಶೂ, ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು. ನಾನು ರಬ್ಬರು ಚಪ್ಪಲಿಯಲ್ಲಿ ನೂರು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರೆ ಇವರು ಮೊದಲ ಕವಲಿನಲ್ಲೇ ನಿಂತಿದ್ದಾರೆ. ಚೀಲದಿಂದ ಒಂದು ಹಿಡಿ ಕುಂಕುಮದ ಬಣ್ಣದ ನೂಲು ತೆಗೆದು, ಕಳ್ಳಿಯ ಪಕ್ಕದ ಎಳೆ ಬೇವಿನ ರೆಂಬೆಗೆ ಒಂದು ಎಳೆ ಸುತ್ತಿ ಗಂಟು ಹಾಕುತ್ತಿದ್ದಾರೆ.

“ಏನದು?”

“ದಾರಿ ಗುರುತು. ಗುಂಪಲ್ಲಿ ಹೇಳಿದ್ರು, ಕವಲು ಬಂದ ಕಡೆಯೆಲ್ಲ ಗುರುತು ಇಡ್ಬೇಕಂತೆ. ಅವ್ರೆಲ್ಲ ಸುಣ್ಣದಲ್ಲಿ ಬರೀತಾರೆ. ನಾನು ಹಳೇ ಹಾಸಿನ ತುದಿ ನೂಲು ಉಳಿದಿತ್ತಲ್ಲ, ತಂದೆ.”

“ಅಲ್ಲಿ ನಿಮ್ಮಮ್ಮ ಹಸಿದು ಕೂತಿದಾರೆ.”

“ದಾರಿ ತಪ್ಪಿದ್ರೆ ಇನ್ನೂ ಲೇಟಾಗತ್ತೆ. ನೀನು ಕವಲೆ ಪಡಬೇಡ, ಚಿಂತೆ ಬಿಡು.”

“ನಲವತ್ತು ವರ್ಷ ಅವರು ನೂಲಿಲ್ಲದೆ ಹತ್ತಿ ಇಳಿದ್ರು.”

“ಆವಾಗ ಮೇಕೆ ದಾರಿ ಇಷ್ಟು ಇರ್ಲಿಲ್ಲ.”

ಅದು ನಿಜ. ಸೀಮೆಜಾಲಿ ಬೆಳೆದು, ಮೇಕೆಗಳು ಓಡಾಡಿ, ಆ ಗುಡ್ಡದಲ್ಲಿ ದಾರಿಯ ಹಾಗೆ ಕಾಣುವ ಗೆರೆಗಳು ಲೆಕ್ಕವಿಲ್ಲದಷ್ಟು ಇದ್ದವು. ಆದರೂ ಸುಣ್ಣದ ಒಂದು ಗೀಟಾದರೆ ಕ್ಷಣದಲ್ಲಿ ಮುಗಿಯುತ್ತದೆ. ಇವರದು ನೇಕಾರನ ಕೈ. ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಗಂಟನ್ನೇ ಹಾಕಬೇಕು, ಬಿಗಿಯಬೇಕು, ಜೇಬಿನಿಂದ ಸಣ್ಣ ಕತ್ತರಿ ತೆಗೆದು ತುದಿ ಕತ್ತರಿಸಬೇಕು. ಪೊದೆಗೆ ಕಟ್ಟುವ ಗಂಟು ಸೀರೆಯಲ್ಲಿ ಎದ್ದು ಕಾಣುತ್ತದೆಯೇ? ಪ್ರತಿ ಕವಲಿನಲ್ಲೂ ಇದೇ ಆಯಿತು. ಏಳು ಕಡೆ ಕಟ್ಟಿದರು. ನಾನು ಏಳು ಕಡೆ ನಿಂತು ಅತ್ತೆಯ ಹೊಟ್ಟೆಯನ್ನು ನೆನೆದೆ.

ಐದನೆಯ ಕವಲಿನಲ್ಲಿ ಹಿಂದಿನಿಂದ ಒಂದು ಹಿಂಡು ಹೆಂಗಸರು ಬಂದರು. ಹಳದಿ ಸೀರೆ, ವೆಳ್ಳಕೋಯಿಲ್ ಕಡೆಯವರಂತೆ. ನಮ್ಮವರು ಕಣ್ಣು ಕಿರಿದು ಮಾಡಿ ಗಂಟು ಬಿಗಿಯುತ್ತಿರುವುದನ್ನು ಕಂಡು ಸುಮ್ಮನೆ ನಿಂತರು. ಒಬ್ಬಾಕೆ ತಮಿಳಿನಲ್ಲಿ ಕೇಳಿದಳು.

“ಏನು ಹರಕೆ ಅಣ್ಣಾ ಇದು? ಕೆಳಗಿಂದ ನೋಡ್ತಾ ಬತ್ತಾ ಇದೀವಿ.”

ನಮ್ಮವರಿಗೆ ಏದುಸಿರು. ಎರಡೂ ಕೈ ಎತ್ತಿ ಬೆಟ್ಟದ ತುದಿಯ ಕಡೆ ತೋರಿಸಿದರು. ಆಕೆ ಕೈ ಮುಗಿದು, ತನ್ನ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಅದೇ ಪೊದೆಗೆ ಕಟ್ಟಿದಳು. ಹಿಂದಿನವಳೂ ಕಟ್ಟಿದಳು. ಆಗಲೇ ನಾನು ಬಾಯಿ ಬಿಟ್ಟು, ಇದು ಹರಕೆಯಲ್ಲ ತಾಯಂದಿರಾ, ದಾರಿ ಗುರುತು ಎನ್ನಬೇಕಿತ್ತು. ಭಕ್ತಿಯಿಂದ ಕಟ್ಟುವವರನ್ನು ತಡೆಯಲು ನಾನು ಯಾರು ಎಂದು ಸುಮ್ಮನಾದೆ. ಈ ತಪ್ಪಿನಲ್ಲಿ ನನ್ನದೂ ಪಾಲಿದೆ ಎಂದು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಹನ್ನೊಂದು ಕಳೆದು ಮೇಲೆ ತಲುಪಿದೆವು. ಮೆಟ್ಟಿಲ ಕಡೆಯಿಂದ ಬಂದ ಜನ ತುಂಬಿದ್ದರು. ಗೇಣುದ್ದದ ಬಟ್ಟೆಯನ್ನು ಪೂಜಾರಿಯ ತಟ್ಟೆಯಲ್ಲಿಟ್ಟು, ಬೇರೇನೂ ಕೇಳದೆ, ನನ್ನ ಅತ್ತೆಯ ಕೈ ನಡುಗದಿರಲಿ ಎಂದಷ್ಟೇ ಬೇಡಿದೆ. ಕುಂಕುಮ, ನಿಂಬೆಹಣ್ಣು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೆ. ನಮ್ಮವರು ಬಂಡೆಯ ಅಂಚಿಗೆ ನಿಂತು, ಅಗೋ ಗಾಳಿಯಂತ್ರ, ಅಗೋ ಕಾಂಗೇಯಂ ಎಣ್ಣೆ ಮಿಲ್ಲುಗಳ ಹೊಗೆ, ಬಾ ನೋಡು ಎಂದರು. ನೂರು ಎಣಿಸುವ ತನಕ ನೋಡಿ, ಆಮೇಲೆ ನಾನು ಇಳಿಯುತ್ತೇನೆ ಎಂದೆ. ಎಣಿಸುವಾಗ ತಣ್ಣನೆ ಗಾಳಿ ಬೀಸಿತು, ಬೆನ್ನಿನ ಬೆವರು ಆರಿತು. ಅದಕ್ಕೆ ಒಂದು ಬೆರಳು ಮಡಚಿದೆ.

ಇಳಿಯುವಾಗ ಮೊದಲ ಎರಡು ಕವಲು ಸಲೀಸಾಗಿ ದಾಟಿದೆವು. ಮೂರನೆಯದರಲ್ಲಿ ನಮ್ಮವರು ನಿಂತುಬಿಟ್ಟರು. ಅಲ್ಲಿದ್ದ ಪೊದೆಗಳೆಲ್ಲ ಹಬ್ಬದ ಚಪ್ಪರದ ಹಾಗೆ ಕಾಣುತ್ತಿದ್ದವು. ಕೆಂಪು, ಹಳದಿ, ಬಿಳಿ ನೂಲು. ಸೆರಗಿನ ಎಳೆ, ಕರವಸ್ತ್ರದ ಚೂರು, ಮಗುವಿನ ಉಡುದಾರ, ಯಾರದೋ ಶೂ ಲೇಸು. ಹಳದಿ ಸೀರೆಯವರ ಹಿಂದೆ ಬಂದವರೆಲ್ಲ ಕಟ್ಟಿದ್ದಾರೆ. ಒಂದು ದಾರಿಗೆ ಕಟ್ಟಿದ್ದರೆ ಬಾಧೆಯಿರಲಿಲ್ಲ, ಮೂರು ದಾರಿಗಳ ಪೊದೆಗಳಿಗೂ ಕಟ್ಟಿದ್ದಾರೆ. ಕುಂಕುಮದ ಬಣ್ಣದ್ದೇ ಜಾಸ್ತಿ. ಕಟ್ಟಿದವರೆಲ್ಲ ಆಚೆ ಬದಿಯ ಮೆಟ್ಟಿಲಿಳಿದು ಬಸ್ಸು ಹತ್ತಿ ಹೋಗಿಯಾಗಿತ್ತು. ಕೇಳೋಣವೆಂದರೆ ದಾರಿಯಲ್ಲಿ ಒಬ್ಬರೂ ಇಲ್ಲ.

“ಎಲ್ಲಾ ಕಡೆ ಕಟ್ಟಿದಾರಲ್ಲಾ,” ಎಂದರು.

“ನಿಮ್ಮ ಗುಂಪಿಗೆ ಫೋನ್ ಮಾಡಿ ಕೇಳಿ.”

“ಸಿಗ್ನಲ್ ಇಲ್ಲ.”

ನಡುವಿನ ದಾರಿ ಎಂದರು. ಕಾಲು ಗಂಟೆ ಇಳಿದ ಮೇಲೆ ಅದು ಒಂದು ಬೋಳು ಬಂಡೆಯ ತುದಿಯಲ್ಲಿ ಮುಗಿಯಿತು. ಮತ್ತೆ ಕಾಲು ಗಂಟೆ ಹತ್ತಿ ಅಲ್ಲಿಗೇ ಬಂದೆವು. ಗಂಟೆ ಒಂದಾಗಿತ್ತು. ಅತ್ತೆ ಕುಸಿದ ಆ ಏಕಾದಶಿಯಂದು ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು ಆಗಿತ್ತು. ಕೋಪ ಉಕ್ಕಿತು. ಕೈಗೆ ಸಿಕ್ಕ ಒಂದು ಕೆಂಪು ನೂಲನ್ನು ಹಿಡಿದು ಜಗ್ಗಿದೆ. ಬೆರಳಿಗೆ ದಪ್ಪ ಗಂಟು ತಾಗಿತು, ಕಡಲೆಕಾಳಿನಷ್ಟು, ಮೂರು ಸುತ್ತು, ತುದಿ ಜೋತುಬಿದ್ದಿತ್ತು. ಇದು ನಮ್ಮವರದಲ್ಲ ಎಂದು ಕೈ ಹೇಳಿತು. ಮೂವತ್ತು ವರ್ಷ ಇವರು ನೇಯ್ದ ಬಟ್ಟೆಯನ್ನು ಮಡಚುವ ಮುಂಚೆ ಗಂಟು ಹುಡುಕಿ ಬೆರಳಾಡಿಸಿದವಳು ನಾನು. ಇವರು ಎಡಚರು. ಗಂಟು ಸಾಸಿವೆಯಷ್ಟೇ ಇರುತ್ತದೆ, ತುದಿ ಇರುವುದಿಲ್ಲ, ಎಲ್ಲರ ಗಂಟು ವಾಲುವ ಕಡೆ ಬಿಟ್ಟು ಇನ್ನೊಂದು ಕಡೆಗೆ ವಾಲಿರುತ್ತದೆ. ಪೊದೆಯಿಂದ ಪೊದೆಗೆ ಹೋಗಿ ಒಂದೊಂದೇ ನೂಲು ಮುಟ್ಟಿದೆ. ಎಡಗಡೆಯ ದಾರಿಯ ಜಾಲಿ ಕೊಂಬೆಯಲ್ಲಿ ಸಿಕ್ಕಿತು.

“ಇದು ನಿಮ್ದು.”

ಅವರು ಬಗ್ಗಿ ನೋಡಿದರು. ಕನ್ನಡಕ ಕಾರಿನಲ್ಲಿ ಬಿಟ್ಟು ಬಂದಿದ್ದರು, ಅವರಿಗೆ ಏನೂ ಕಾಣಲಿಲ್ಲ. ಆದರೂ, “ನೋಡಿದ್ಯಾ, ನೂಲು ಕಟ್ಟಿದ್ದು ಒಳ್ಳೇದೇ ಆಯ್ತು,” ಎಂದರು. ನಾನು ಆಗಲೇ ಆ ದಾರಿಯಲ್ಲಿ ಇಳಿಯತೊಡಗಿದ್ದೆ. ಹಾಗೆ ಮುಂದಿನ ಮೂರು ಕವಲಿನಲ್ಲೂ ಮುಳ್ಳಿನೊಳಗೆ ಕೈ ಹಾಕಿ ತಡಕಿ ದಾರಿ ಹಿಡಿದೆ. ಕೈತುಂಬ ಗೀರು.

ಕೆಳಗೆ ಬರುವಾಗ ಮೇಕೆ ಮೇಯಿಸುವ ಹೆಂಗಸೊಬ್ಬಳು ಬಂಡೆಯ ಮೇಲೆ ಕೂತಿದ್ದಳು. ನಾನು ಪೊದೆ ತಡಕುವುದನ್ನು ನೋಡಿ ನಕ್ಕಳು.

“ಅಕ್ಕಾ, ಮುಳ್ಳಲ್ಲಿ ಏನು ಹುಡುಕ್ತಿದೀರಿ?”

“ದಾರಿ.”

“ಬೆಳಿಗ್ಗೆಯಿಂದ ಏನು ಕಟ್ತಾ ಇದಾರೆ ಜನ. ನನ್ನ ಮೇಕೆಗಳು ತಿಂದು ತಿಂದು, ಇನ್ನು ಹಾಲು ಕರೆದ್ರೆ ನೂಲೇ ಬರೋದು. ಕೆಳಗಿನ ಗುಡಿಯಾ? ಇನ್ನು ಒಂದೇ ಕವಲು, ಕಳ್ಳಿಯ ಹತ್ರ.”

ಕಳ್ಳಿ ಸಿಕ್ಕಿತು. ಪಕ್ಕದಲ್ಲಿ ಎಳೆ ಬೇವೂ ಇತ್ತು. ಮೊಟ್ಟಮೊದಲು ಕಟ್ಟಿದ ನೂಲು ಅಲ್ಲಿಲ್ಲ. ರೆಂಬೆ ರೆಂಬೆ ತಡಕಿದೆ, ಒಂದು ಎಳೆಯೂ ಇಲ್ಲ. ಮೇಕೆ ತಿಂದಿದೆ ಎಂದುಕೊಂಡೆವು. ಮೇಲಿನಿಂದ ನೋಡಿದರೆ ಎರಡು ದಾರಿಯೂ ಒಂದೇ ಥರ. ಸೀಮೆಜಾಲಿ ಆಳೆತ್ತರ ಬೆಳೆದು ಆಚೆ ಏನಿದೆಯೆಂದು ಕಾಣದು. ನಮ್ಮವರು ಸೀಟಿ ಊದಿದರು. ಅತ್ತೆಗೆ ಕಿವಿ ಮಂದ, ಡ್ರೈವರು ಗಾಜಿನೊಳಗೆ. ಎಲ್ಲೋ ಒಂದು ನಾಯಿ ಮಾತ್ರ ಓಗೊಟ್ಟಿತು. ಬಲಗಡೆ ಎಂದು ಅವರು ಅಂದರು. ನನಗೂ ಬಲಗಡೆಯೇ ಎನ್ನಿಸಿತು, ಆದ್ದರಿಂದ ಅವರನ್ನು ಬಯ್ಯಲು ನನಗೆ ಬಾಯಿಲ್ಲ. ಆ ದಾರಿ ಒಂದು ತೆಂಗಿನ ತೋಟದ ಬೇಲಿಗೆ ಹೋಗಿ ಮುಟ್ಟಿತು. ಸೀಟಿಗೆ ಓಗೊಟ್ಟ ನಾಯಿಯೂ ಅಲ್ಲೇ ಇತ್ತು. ಬೇಲಿ ಸುತ್ತಿ, ಡಾಂಬರು ರಸ್ತೆ ಸೇರಿ, ರಸ್ತೆಯಲ್ಲಿ ವಾಪಸು ನಡೆದೆವು. ನಡೆದೆವು ಎಂದೆ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಐವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ರಸ್ತೆಯಲ್ಲಿ ಓಡುವುದನ್ನು ಲಾರಿಯವರು ತಿರುಗಿ ತಿರುಗಿ ನೋಡಿದರು. ನನ್ನ ಕಣ್ಣ ಮುಂದೆ ಅಡುಗೆಮನೆಯ ಬಾಗಿಲಲ್ಲಿ ಕುಸಿದ ಅತ್ತೆಯ ಬೆವರಿದ ಮುಖ ಬಿಟ್ಟರೆ ಬೇರೇನೂ ಇರಲಿಲ್ಲ. ಸೆರಗಿನ ಗಂಟಿನಲ್ಲಿ ನಿಂಬೆಹಣ್ಣು ತೊಡೆಗೆ ಬಡಿಯುತ್ತಿತ್ತು. ಗುಡಿ ಮುಟ್ಟಿದಾಗ ಗಂಟೆ ಎರಡೂಕಾಲು.

ಅತ್ತೆ ಬೇವಿನ ಕೆಳಗೆ ಕಾಲು ಚಾಚಿ, ಮರಕ್ಕೆ ಒರಗಿ ಕೂತಿದ್ದರು. ಪಕ್ಕದಲ್ಲಿ ಇಡ್ಲಿಯ ಡಬ್ಬಿ ಖಾಲಿ.

“ಬಂದ್ರಾ? ಏನು ರಸ್ತೆ ಕಡೆಯಿಂದ ಬತ್ತಾ ಇದೀರಿ?”

ನಾನು ಅವರ ಮುಂದೆ ಮಣ್ಣಿನಲ್ಲೇ ಕೂತೆ. ಕೈ ಹಿಡಿದು ನೋಡಿದೆ. ಬೆಚ್ಚಗಿತ್ತು, ನಡುಗುತ್ತಿರಲಿಲ್ಲ.

“ಅತ್ತೆ, ತಿಂದ್ರಾ?”

“ತಿಂದೆ. ಚಟ್ನಿಗೆ ಉಪ್ಪು ಕಮ್ಮಿ.”

ಹಿಡಿದ ಕೈಯ ಮಣಿಕಟ್ಟಿನಲ್ಲಿ ಕುಂಕುಮದ ಬಣ್ಣದ ನೂಲು ಇತ್ತು. ನನ್ನ ನೋಟ ಕಂಡು ಅವರೇ ಹೇಳಿದರು.

“ಮಧ್ಯಾಹ್ನ ನಿಮ್ಮನ್ನ ನೋಡಕ್ಕೆ ಕೋಲು ಊರ್ಕೊಂಡು ಆ ಕಳ್ಳಿ ತನಕ ಹೋದೆ. ಬೇವಿನ ಗಿಡದಲ್ಲಿ ಇದು ಇತ್ತು. ನಮ್ಮ ಹಾಸಿನ ನೂಲು, ನನ್ನ ಮಗನ ಎಡಗೈ ಗಂಟು. ನನಗೆ ಗೊತ್ತಾಗಲ್ವಾ, ಗಂಟು ಹಾಕಕ್ಕೆ ಕಲಿಸಿದವಳು ನಾನೇ. ತಾಯಿ ಮೇಲಿಂದ ಕುಂಕುಮದ ಬದಲು ಇದನ್ನ ಮುಂಚೆಯೇ ಕಳಿಸಿದ್ಳು ಅಂತ ಬಿಚ್ಚಿ ಕಟ್ಕೊಂಡೆ. ಇಡ್ಲಿ ತಿಂದೆ.”

ಅಷ್ಟರಲ್ಲಿ ನಮ್ಮವರು ಕುಂಟುತ್ತಾ ಬಂದು ಸೇರಿದ್ದರು. ಹೊಸ ಶೂ ಕಚ್ಚಿತ್ತು.

“ಅಮ್ಮಾ, ಅದು ಮೇಲಿಂದ ಬಂದಿದ್ದಲ್ಲ. ಹತ್ತೋವಾಗ ನಾನು ಕಟ್ಟಿದ್ದು. ದಾರಿ ಗುರುತಿಗೆ. ಅದಿಲ್ದೆ ನಾವು ತೋಟ ಸುತ್ತಿ ಬಂದ್ವಿ.”

ಅತ್ತೆ ಆ ನೂಲನ್ನು ಬೆರಳಿನಿಂದ ಸವರಿದರು.

“ಯಾರು ಕಟ್ಟಿದ್ರೇನು, ಯಾತಕ್ಕೆ ಕಟ್ಟಿದ್ರೇನು,” ಎಂದರು. “ಕೈ ನಡುಗ್ತಾ ಇತ್ತು.”

ನಾನು ಸೆರಗಿನ ಗಂಟು ಬಿಚ್ಚಿ ಕುಂಕುಮ ಕೊಟ್ಟೆ. ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಂಡರು, ನನ್ನ ಹಣೆಗೂ ಇಟ್ಟರು. ನಿಂಬೆಹಣ್ಣು ಹೋದ ವರ್ಷದ್ದಕ್ಕಿಂತ ಸಣ್ಣದು ಎಂದರು. ಡ್ರೈವರನ್ನು ಗಾಜು ಬಡಿದು ಎಬ್ಬಿಸಿದೆವು. ಅಚ್ಚು ಬೆಲ್ಲ ಇಟ್ಟ ಜಾಗದಲ್ಲೇ ಇತ್ತು, ಇರುವೆಗಳು ಮಾತ್ರ ಅದನ್ನು ಕಂಡುಕೊಂಡಿದ್ದವು.

ಕಾರಿನಲ್ಲಿ ಅತ್ತೆ ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದರು. ನನ್ನ ಕೈ ಉರಿಯುತ್ತಿತ್ತು. ಬೆಳಿಗ್ಗೆಯಿಂದ ನನ್ನನ್ನು ಏಳು ಕಡೆ ನಿಲ್ಲಿಸಿದ ಆ ನೂಲು, ಮುಳ್ಳಿನಲ್ಲಿ ತಡಕಾಡಿಸಿದ ಆ ನೂಲು, ಕೊನೆಗೆ ಇಲ್ಲದೆ ಹೋಗಿ ನನ್ನನ್ನು ರಸ್ತೆಯಲ್ಲಿ ಓಡಿಸಿದ ನೂಲು, ಅತ್ತೆಯ ಕೈಯಲ್ಲಿ ಆರಾಮಾಗಿ ಮಲಗಿತ್ತು. ಅದು ಆ ಗಿಡದಲ್ಲಿ ಇರದಿದ್ದರೆ ಅತ್ತೆ ಇಡ್ಲಿ ಮುಟ್ಟುತ್ತಿರಲಿಲ್ಲ, ಎರಡೂಕಾಲರ ತನಕ ಹಾಗೇ ಕೂತಿರುತ್ತಿದ್ದರು. ಅದರ ಆಚೆಯದನ್ನು ಯೋಚಿಸಲು ನನಗೆ ಧೈರ್ಯ ಬರಲಿಲ್ಲ. ಬೆಟ್ಟದ ಗಾಳಿಗೆ ಮಡಚಿದ ಬೆರಳಿನ ಪಕ್ಕ ಇನ್ನೊಂದು ಬೆರಳನ್ನು, ಮನಸ್ಸಿಲ್ಲದ ಮನಸ್ಸಿನಿಂದ, ನೂಲಿಗೆಂದು ಮಡಚಿದೆ.

ಮುಂದಿನ ಸೀಟಿನಿಂದ ನಮ್ಮವರು ತಿರುಗಿದರು. ಶೂ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

“ಮುಂದಿನ ಸಲ ನೂಲು ಬೇಡ. ಜರಿ ಕಟ್ಟೋಣ. ದೂರಕ್ಕೇ ಹೊಳೆಯತ್ತೆ.”

ನೂಲಿಗೆಂದು ಮಡಚಿದ ಬೆರಳನ್ನು ನಾನು ನೆಟ್ಟಗೆ ಮಾಡಿದೆ.

“ಜರಿ ಬೇಡಪ್ಪಾ,” ಎಂದರು ಅತ್ತೆ, ಕಣ್ಣು ತೆರೆಯದೆ. “ಕೈಗೆ ಚುಚ್ಚತ್ತೆ.”